ಬೆನ್ನಿಗೆ ಮುಕ್ಕಾಲು ಇಂಚು

ಗೋಡೆಯಿಂದ ತಲೆಯ ಹಿಂಬದಿಗೆ
ಟೇಪು ಹಿಡಿದಳು ಹುಡುಗಿ.
ನನ್ನದೇ ಟೇಪು. ಕೊರಳಲ್ಲೇ ಮರೆತು ಬಂದಿದ್ದೆ,
ಅವಳದು ಕೈಗೆ ಸಿಗಲಿಲ್ಲವೆಂದು ಎಳೆದುಕೊಂಡಳು.
ಮೂವತ್ತೆಂಟು ವರ್ಷ ಊರನ್ನೆಲ್ಲ ಅಳೆದ ಟೇಪು
ಮೊದಲ ಸಲ ನನ್ನನ್ನು ಅಳೆಯಿತು.

"ಏಳು ಸೆಂಟಿಮೀಟರ್," ಅಂದಳು, ಬರೆದುಕೊಂಡಳು:
ಮೊಯ್ದು, ಐವತ್ತೆಂಟು, ಟೈಲರ್, ವೀರಾಜಪೇಟೆ.
ನಾನು ಇಂಚಿನವನು. ಮನಸ್ಸಲ್ಲೇ ತಿರುಗಿಸಿದೆ:
ಎರಡೂಮುಕ್ಕಾಲು.
ಅಷ್ಟು ಸಂದಿಯಲ್ಲಿ ಬೆಕ್ಕಿನ ಮರಿ ನುಗ್ಗಬಹುದು.

ಚೋಂದಮ್ಮ ಅಂತ ಹೆಸರು. ಮಾತ್ರೆ ಕೊಡುವುದಿಲ್ಲವಂತೆ.
"ಹಿಮ್ಮಡಿ ಗೋಡೆಗೆ, ಸೊಂಟ ಗೋಡೆಗೆ.
ಈಗ ಗದ್ದ ಎಳೆಯಿರಿ ಕಾಕ,
ಮೇಲಲ್ಲ, ಕೆಳಗಲ್ಲ, ಹಿಂದಕ್ಕೆ,
ಮೇಜಿನ ಡ್ರಾಯರ್ ಮುಚ್ಚಿದ ಹಾಗೆ."
ಮುಚ್ಚಿದೆ. ಕತ್ತಿನಲ್ಲಿ ಏನೋ ಕಿರ್ ಅಂತು,
ಎಣ್ಣೆ ಕಾಣದ ಮೆಷಿನಿನ ಹಾಗೆ.
"ಭುಜದ ಹಲಗೆ ಎರಡೂ ಹತ್ತಿರ ತನ್ನಿ.
ನಡುವೆ ಪೆನ್ಸಿಲ್ ಇದೆ ಅಂದುಕೊಳ್ಳಿ, ಬೀಳಿಸಬೇಡಿ."
ನಾನು ಸೀಮೆಸುಣ್ಣ ಅಂದುಕೊಂಡೆ.
ಐದರವರೆಗೆ ಎಣಿಸುತ್ತಿದ್ದಳು. ನಾಲ್ಕಕ್ಕೇ ಬಿತ್ತು.

ಅವಳಿಗೆ ಹೇಳಲಿಲ್ಲ ಕಸುಬಿನ ಗುಟ್ಟು:
ಬಾಗಿದವನಿಗೆ ಕುಪ್ಯ ಕತ್ತರಿಸುವಾಗ
ಬೆನ್ನಿಗೆ ಮುಕ್ಕಾಲು ಇಂಚು ಹೆಚ್ಚು ಬಿಡಬೇಕು,
ಎದೆಗೆ ಅರ್ಧ ಕಡಿಮೆ.
ಇಲ್ಲದಿದ್ದರೆ ಹಿಂದೆ ಏರುತ್ತದೆ, ಮುಂದೆ ಜೋಲುತ್ತದೆ,
ಕೆಂಪು ಚೇಲೆ ಎಷ್ಟು ಬಿಗಿದರೂ ಆಳು ನಿಲ್ಲುವುದಿಲ್ಲ.
ಕ್ಯಾಷಿಯರ್ ಚಿಟ್ಟಿಯಪ್ಪನವರಿಗೆ ಬಿಟ್ಟಿದ್ದೇನೆ,
ಇಡೀ ದಿನ ಕ್ರಯಪತ್ರ ಬರೆಯುವ ಮಾದಯ್ಯನವರಿಗೆ,
ಜೀಪಿನ ಸ್ಟೇರಿಂಗಿಗೆ ಎದೆ ಕೊಟ್ಟೇ ಬದುಕಿದ ಕುಶಾಲಪ್ಪನಿಗೆ
ಪೂರಾ ಒಂದು ಇಂಚು.
ಮದುವೆಯ ಫೋಟೋಗಳಲ್ಲಿ ಎಲ್ಲರೂ ನೆಟ್ಟಗಿದ್ದಾರೆ.
ಹೇಗೆ ಅಂತ ಕೇಳಿದರೆ ಫಿಟ್ಟಿಂಗ್ ಅನ್ನುತ್ತಿದ್ದೆ.

"ಸೂಜಿ ಕಣ್ಣಿನ ಹತ್ತಿರ ಬರಲಿ,
ಕಣ್ಣು ಸೂಜಿಯ ಹತ್ತಿರ ಹೋಗುವುದು ಬೇಡ" ಅಂದಿದ್ದಳು.
ಮೆಷಿನಿನ ಕಾಲಿಗೆ ಇಟ್ಟಿಗೆ ಚೂರು ಕೊಟ್ಟೆ.
ಆಸಿಯಾ ಸ್ಟೂಲಿನ ಮೇಲೆ ಮಡಚಿದ ಕಂಬಳಿ ಇಟ್ಟಳು,
ಸೊಂಟ ಮೊಣಕಾಲಿಗಿಂತ ತುಸು ಮೇಲಿರಬೇಕಂತೆ.
ಅರ್ಧ ಗಂಟೆಗೊಮ್ಮೆ ಏಳಬೇಕಂತೆ.
ಗಡಿಯಾರ ಕಂಬ ಇರುವ ಊರಲ್ಲಿದ್ದೂ
ಗಂಟೆ ನೋಡುವ ರೂಢಿ ನನಗಿಲ್ಲ;
ಬಾಬಿನ್ನಿನ ನೂಲು ಮುಗಿದಾಗಲೆಲ್ಲ ಏಳುತ್ತೇನೆ.

ಕಟ್ಟಿಂಗ್ ಟೇಬಲ್ಲಿನ ಹಿಂದೆ ಗೋಡೆ.
ಗೋಡೆಯಲ್ಲೊಂದು ಕ್ಯಾಲೆಂಡರ್ ಮೊಳೆ, ಅದನ್ನು ತಪ್ಪಿಸಿ ನಿಂತು
ಎರಡೂ ಕೈ ಮೇಲಕ್ಕೆ, ಮೊಣಕೈ ಗೋಡೆ ಬಿಡದ ಹಾಗೆ.
ಎದುರಿನ ಬೇಕರಿಯಿಂದ ಕೂಗು:
"ಮೊಯ್ದುಕಾಕ, ಪೊಲೀಸ್ ಬಂದ್ರಾ?"
ನಕ್ಕರೆ ಬೆನ್ನು ಗೋಡೆ ಬಿಡುತ್ತದೆ. ನಗಲಿಲ್ಲ.

ಮೊದಲ ವಾರ ನೋವು ಹೋಗಲಿಲ್ಲ,
ಮನೆ ಬದಲಿಸಿತು ಅಷ್ಟೇ,
ಕತ್ತಿನಿಂದ ಹಲಗೆಗಳ ನಡುವಿಗೆ.
ಎರಡು ದಿನ ಬಿಟ್ಟೂಬಿಟ್ಟೆ, ಸುಳ್ಳು ಯಾಕೆ.

ಐದನೇ ವಾರ ಅದೇ ಟೇಪು, ಅದೇ ಗೋಡೆ.
"ಐದೂವರೆ," ಅಂದಳು ಚೋಂದಮ್ಮ,
ನಂಬಿಕೆ ಬರದೆ ಇನ್ನೊಮ್ಮೆ ಹಿಡಿದಳು.
ಒಂದೂವರೆ ಇಳಿದಿದೆ. ನನ್ನ ಲೆಕ್ಕದಲ್ಲಿ
ಅರ್ಧ ಇಂಚು, ಮೇಲೆ ಒಂದು ಗೆರೆ.
ನಗಬೇಡಿ.
ಒಂದು ಹೊಲಿಗೆ ಹಿಡಿದು ನಿಲ್ಲಲು
ಅಂಚಿನಲ್ಲಿ ನಾವು ಬಿಡುವ ಬಟ್ಟೆಯೂ ಅಷ್ಟೇ.

ಆ ರಾತ್ರಿ ಕನ್ನಡಿಗೆ ಬೆನ್ನು ಕೊಟ್ಟು
ಕತ್ತು ತಿರುಗಿಸಿ ನೋಡಿದೆ (ತಿರುಗಿತು):
ಅಂಗಿಯ ಕಾಲರಿನ ಕೆಳಗೆ ಸಣ್ಣದೊಂದು ಮಡಿಕೆ.
ಯಾವಾಗಲೋ ನನಗೆ ನಾನೇ
ಗೊತ್ತಿಲ್ಲದವನ ಹಾಗೆ ಬಿಟ್ಟುಕೊಂಡ ಮುಕ್ಕಾಲು ಇಂಚು
ಎಲ್ಲಿ ಹೋಗಬೇಕೋ ತಿಳಿಯದೆ ಅಲ್ಲಿ ಕೂತಿದೆ.

ಬಿಚ್ಚಬೇಕು.
ಪುತ್ತರಿಯ ಆರ್ಡರ್ ಮುಗಿಯಲಿ.